ನಿಕೋಸ್ತ್ರಾತನ ತಲೆಯೊಳಗೆ ಯಾರಿದ್ದರು?

ಎಣ್ಣೆ ಬಗ್ಗಿಸಿದರೆ ಒಂದು ಹನಿಯೂ ಸೋರದ ಹೂಜಿಯನ್ನು ಅಥೆನ್ಸಿನ ಕುಂಬಾರಗೇರಿಯ ನಿಕೋಸ್ತ್ರಾತ ಮಾಡಿದ್ದೇ ತಪ್ಪಾಯಿತು. ಹಬ್ಬದ ಬೆಳಿಗ್ಗೆ ಅದಕ್ಕೆ ಬಹುಮಾನವಾಗಿ ಕೊಬ್ಬಿದ ಮೇಕೆಯೊಂದು ಬಂತು. ಹಗ್ಗ ಹಿಡಿದು ಮನೆಯ ಕಡೆ ಹೊರಟನೋ ಇಲ್ಲವೋ, ಎಣ್ಣೆ ಅಂಗಡಿಯ ಫಿಲೋನ ಅಡ್ಡ ಬಂದ.

“ಹಿಂಗಾಲು ನಂದು ಕಣಯ್ಯಾ. ‘ಥೂ, ಎಣ್ಣೆ ಸೋರ್ತದೆ’ ಅಂತ ದಿನಾ ಗೊಣಗ್ತಿದ್ದೋನು ಯಾರು? ನಾನು! ನನ್ನ ಗೊಣಗಾಟಾನೇ ನಿನ್ನ ತಲೆಗೆ ಹತ್ತಿದ್ದು.”

“ಗೊಣಗಿದ್ರೆ ಹೂಜಿ ಆಗೋದಾದ್ರೆ ನಿನ್ನ ಅಂಗಡಿ ತುಂಬಾ ಹೂಜಿ ಇರ್ಬೇಕಿತ್ತಲ್ಲೋ!”

ಅಷ್ಟರಲ್ಲಿ ಅಥೀನಾದೇವಿಯ ಗುಡಿಯ ಮುದಿ ಪೂಜಾರಿಣಿ ಥಿಯಾನೊ ಕೋಲೂರಿಕೊಂಡು ಬಂದಳು. “ಮಗಾ, ಮನುಷ್ಯನ ತಲೆ ಅಂದ್ರೆ ಖಾಲಿ ಮಡಕೆ. ದೇವಿ ಸುರಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಮೇಕೆ ಗುಡೀಗೆ ನಡೀಲಿ.”

ಬೀದಿಯೆಲ್ಲ ಸೇರಿತು. ಒಬ್ಬ ಹಗ್ಗ ಎಳೆದ, ಇನ್ನೊಬ್ಬ ಕೊಂಬು ಹಿಡಿದ. ಗಂಡನ ಮನೆಗೆ ಹೊಸದಾಗಿ ಬಂದ ಸೊಸೆಯಂತೆ ಮೇಕೆ ಎಲ್ಲರ ಮುಖ ನೋಡಿತು. ಆಮೇಲೆ ಪೂಜಾರಿಣಿಯ ಕೊರಳ ಹಾರವನ್ನು ನೆಮ್ಮದಿಯಾಗಿ ಮೇಯತೊಡಗಿತು.

ನಿಕೋಸ್ತ್ರಾತನಿಗೆ ಸಂತೆಚೌಕದಲ್ಲಿ ವಾದಿಸುವ ಹೊಸ ಪಂಡಿತರ ಮಾತು ನೆನಪಾಯಿತು. ಬುದ್ಧಿ ಎಲ್ಲಿಂದಲೋ ಬೀಸಿಬರುವ ಗಾಳಿಯಲ್ಲ, ಅವರವರ ಒಳಗೇ ಇರುವಂಥದ್ದು ಎಂದು ಅವರು ಹೇಳುತ್ತಿದ್ದರು. ಅವನು ಬೋರಲು ಹಾಕಿದ್ದ ಗುಡಾಣವೊಂದರ ಮೇಲೆ ಹತ್ತಿ ನಿಂತ.

“ಕೇಳ್ರಪ್ಪೋ! ನಾನೀಗ ಏನು ಯೋಚಿಸ್ತಿದೀನಿ, ಹೇಳಿ ನೋಡೋಣ!”

“ನಂಗೆ ಹಿಂಗಾಲು ಕೊಡೋ ವಿಚಾರ,” ಎಂದ ಫಿಲೋನ.

“ದೇವಿ ಕಾಲಿಗೆ ಬೀಳೋ ವಿಚಾರ,” ಎಂದಳು ಥಿಯಾನೊ.

“ಎರಡೂ ಅಲ್ಲ! ಸಾರಿಗೆ ಬೆಳ್ಳುಳ್ಳಿ ಎಷ್ಟು ಹಾಕೋದು ಅಂತ! ನಂಗಲ್ದೆ ಇನ್ಯಾರಿಗಾದ್ರೂ ಕಾಣ್ತಾ? ನನ್ನ ತಲೇಲಿ ದೇವ್ರೂ ಇಲ್ಲ, ನೆರೆಯೋರೂ ಇಲ್ಲ. ಅಲ್ಲಿರೋನು ನಾನೊಬ್ನೇ! ಹೊಳೆದದ್ದು ನಂಗೆ, ಮಾಡಿದ್ದು ನಾನೇ!”

ಕ್ಷೌರದಂಗಡಿಯ ಸ್ಮಿಕ್ರ ಚಪ್ಪಾಳೆ ತಟ್ಟಿದ. “ನಿಜ ಕಣ್ರೋ! ಅವನ ತಲೇಲಿ ಅವನೊಬ್ನೇ!” ಎಂದು ಕುಂಬಾರನನ್ನು ಹೆಗಲಿಗೇರಿಸಿಕೊಂಡೇಬಿಟ್ಟ. ಫಿಲೋನ ಹಿಂದೆ ಸರಿದ. ಪೂಜಾರಿಣಿ ಉಳಿದ ಹೂವು ಎತ್ತಿಕೊಂಡಳು. ಮುಂದೆ ಮೇಕೆ, ಹಿಂದೆ ಜೈಕಾರ. ದಂಡಯಾತ್ರೆ ಗೆದ್ದು ಬಂದವರಿಗೂ ಕುಂಬಾರಗೇರಿ ಇಷ್ಟು ಕೂಗಿರಲಿಲ್ಲ. ನಿಕೋಸ್ತ್ರಾತ ಎರಡೂ ಕೈ ಬೀಸಿದ.

ಮೆರವಣಿಗೆ ನಿಂತದ್ದು ಅವನ ಮನೆ ಮುಂದಲ್ಲ, ಸ್ಮಿಕ್ರನ ಅಂಗಡಿ ಮುಂದೆ. ಸ್ಮಿಕ್ರ ಅವನನ್ನು ಇಳಿಸಿ ಸೂರಿನತ್ತ ಕೈ ತೋರಿಸಿದ. ನಡುವೆ ಒಂದು ಕೋಣ ತೂರುವಷ್ಟು ತೂತು.

“ದ್ರಾಕ್ಷಾರಸದ ಹಬ್ಬದಲ್ಲಿ ನೀನು ಕುಡಿದು ಇದರ ಮೇಲೆ ಕುಣಿದು ಒಡೆದೆ. ಕೇಳಿದ್ರೆ, ‘ನಾನಲ್ಲಣ್ಣ, ದೇವ್ರು ನನ್ನೊಳಗೆ ಹೊಕ್ಕಿದ್ದ’ ಅಂದೆ. ದೇವ್ರ ಹತ್ರ ಜಗಳ ಆಡೋಕಾಗುತ್ತಾ ಅಂತ ನಾನು ಮಳೇಲಿ ನೆನೀತಾ ಕೂತೆ. ಒಳಗೆ ನೀನೊಬ್ನೇ ಇದ್ದೆ ಅಂತ ಈಗ ತಾನೆ ಗೊತ್ತಾಯ್ತು. ಹತ್ತಪ್ಪಾ ಮೇಲೆ!”

“ಅಯ್ಯೋ, ಅವತ್ತು ನಿಜವಾಗ್ಲೂ ದೇವ್ರು—”

ಬೀದಿಯೆಲ್ಲ ಗೊಳ್ಳೆಂದಿತು. “ಹತ್ತು, ಹತ್ತು. ಮೇಕೆ ನಾವು ನೋಡ್ಕೋತೀವಿ!”

ನೋಡಿಕೊಂಡರು. ಸಂಜೆ ಅವನು ಹೆಂಚು ಹೊದಿಸುತ್ತಿದ್ದಾಗ ಕೆಳಗೆ ಸಾರಿನ ಗಮಗಮ. ಅವನ ಬುದ್ಧಿಯನ್ನು ಹೊಗಳುತ್ತಲೇ ಜನ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಕೊನೆಯ ಹೆಂಚು ಕೂರಿಸಿ, ಒಂದು ತುಂಡಾದರೂ ಉಳಿದೀತೆಂದು ಅವನು ಏಣಿಗೆ ಕಾಲಿಟ್ಟ.

ಥಿಯಾನೊ ಮೂಳೆ ಚೀಪುತ್ತ ಕತ್ತೆತ್ತಿದಳು.

“ಏಣಿ ಅಲ್ಲೇ ಬಿಡಬೇಡ ಮಗಾ, ಹೆಗಲ ಮೇಲೆ ಹಾಕ್ಕೊಂಡು ಬಾ. ಅವತ್ತು ನೀನು ಗುಡಿ ಮೇಲೂ ಕುಣಿದಿದ್ದೆ.”