ಬಿ.ಎ. ಅಜ್ಜಿಗೆ ಸಿ ಗ್ರೇಡ್

ಜೂನ್ ಹನ್ನೆರಡು, ಬುಧವಾರ. "ಪುಟ್ಟಿಯ ಶಾಲೆಯಲ್ಲಿ ಇಂಗ್ಲಿಷ್ ಪಾಠ ತೆಗೆದುಹಾಕಿದ್ದಾರೆ. ಸಂಜೆ ವಿಚಾರಿಸಬೇಕು" ಎಂದು ನನ್ನ ಹಳೆಯ ಡೈರಿಯಲ್ಲಿದೆ. ಡೈರಿ ಬರೆಯುವುದು ನನಗೆ ಕಾಲೇಜಿನ ದಿನಗಳಿಂದ ಬಂದ ಅಭ್ಯಾಸ. ಹಾಲು ಒಡೆದ ದಿನ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಯಾರು ಯಾರಿಗೆ ಏನೆಂದರು, ಎಲ್ಲವೂ ಅದರಲ್ಲಿ ಸಿಗುತ್ತದೆ. ಮೊಮ್ಮಗಳು ಒಂಬತ್ತನೇ ತರಗತಿಗೆ ಹೋದ ಮೇಲಿನ ಎರಡು ವರ್ಷದ ಡೈರಿಗಳನ್ನು ಮೊನ್ನೆ ತಿರುವಿ ಹಾಕಿದಾಗ ಹಾಲು, ಗ್ಯಾಸುಗಳಿಗಿಂತ ಇಂಗ್ಲಿಷಿನ ರಗಳೆಯೇ ಹೆಚ್ಚಾಗಿ ಕಂಡಿತು. ಇಂಥವು ಒಂದು ಮನೆಯಲ್ಲಿ ಶುರುವಾದರೆ ನಿಲ್ಲುವುದಿಲ್ಲ. ನಮ್ಮಲ್ಲಂತೂ ವಾರಕ್ಕೊಂದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬಿ.ಎ., ಐಚ್ಛಿಕ ಇಂಗ್ಲಿಷ್. ವಿಮಾ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವಳು. ಇಂಗ್ಲಿಷಿನಲ್ಲಿ ಪತ್ರದ ಕರಡು ಬರೆಯಬೇಕೆಂದರೆ ಫೈಲು ನನ್ನ ಮೇಜಿಗೇ ಬರುತ್ತಿತ್ತು. ನಾನು ಹಾಕಿದ ಅಲ್ಪವಿರಾಮವೊಂದನ್ನು ಹೊಡೆದುಹಾಕಿದ ಮ್ಯಾನೇಜರೊಬ್ಬರು ಮರುದಿನ ತಾವೇ ಅದನ್ನು ಮತ್ತೆ ಹಾಕಿದ್ದರು. ಹೀಗಾಗಿ ಮೊಮ್ಮಗಳ ಇಂಗ್ಲಿಷಿನ ಹೊಣೆ ಯಾರದು ಎಂಬ ಪ್ರಶ್ನೆ ಹಲಸೂರಿನ ನಮ್ಮ ಮನೆಯಲ್ಲಿ ಎದ್ದೇ ಇರಲಿಲ್ಲ.

ಆರ್ಟ್ಸ್

ಸಂಜೆ ವಿಚಾರಿಸಿದೆ. ಇಂಗ್ಲಿಷನ್ನು ತೆಗೆದಿರಲಿಲ್ಲ, ಅದರ ಹೆಸರು ಬದಲಾಯಿಸಿದ್ದರು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್ ದಾಟಿದ ಮೇಲೆ ಸಿಗುವ ಆ ಶಾಲೆ ಆ ವರ್ಷ ಇಂಟರ್‌ನ್ಯಾಷನಲ್ ಆಗಿತ್ತು. ಕಟ್ಟಡ ಅದೇ, ಬೋರ್ಡು ಹೊಸದು. ಟೈಂಟೇಬಲ್ಲಿನಲ್ಲಿ ಇಂಗ್ಲಿಷ್ ಇರುತ್ತಿದ್ದ ಕಡೆಯಲ್ಲೆಲ್ಲ "ಲಾಂಗ್ವೇಜ್ ಆರ್ಟ್ಸ್" ಎಂದಿತ್ತು.

ನಮ್ಮ ಯಜಮಾನರು ಫ್ಯಾಕ್ಟರಿಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಪೇಪರು ಮಡಿಸಿಟ್ಟು ಕೇಳಿದರು. "ಒಂಬತ್ತನೇ ಕ್ಲಾಸಲ್ಲೇ ಆರ್ಟ್ಸ್ ತಗೊಂಡ್ಬಿಟ್ಲಾ? ಯಾರನ್ನ ಕೇಳಿ ತಗೊಂಡ್ಲು?"

"ತಾತ, ಅದು ಇಂಗ್ಲಿಷೇ."

"ಇಂಗ್ಲಿಷ್ ಆಗಿದ್ರೆ ಇಂಗ್ಲಿಷ್ ಅಂತ್ಲೇ ಹಾಕ್ತಿದ್ರು. ಸೈನ್ಸ್ ಕೊಡೋಕೆ ಮನಸ್ಸಿಲ್ದೆ ಹೋದ್ರೆ ಹೀಗೇ ಮೆತ್ತಗೆ ತಿಳಿಸೋದು."

ಮಾರನೆಯ ಬೆಳಿಗ್ಗೆ ಕೆರೆ ಸುತ್ತ ವಾಕಿಂಗ್ ಹೋದಾಗ ಅವರು ಇದನ್ನು ಯಾರ ಹತ್ತಿರ ತೋಡಿಕೊಂಡರೋ ತಿಳಿಯದು. ಸಂಜೆಗೆ ಎದುರು ಮನೆಯಾಕೆ ಡಬ್ಬಿಯಲ್ಲಿ ಕೋಡುಬಳೆ ತೆಗೆದುಕೊಂಡು ಬಂದರು. ಮುಖದಲ್ಲಿ ಸಾವಿನ ಮನೆಗೆ ಬಂದವರ ಗಾಂಭೀರ್ಯ.

"ಆರ್ಟ್ಸ್ ಆದ್ರೇನಂತೆ ಬಿಡ್ರೀ. ಮನಸ್ಸಿಗೆ ಹಚ್ಕೋಬೇಡಿ. ನಮ್ಮಕ್ಕನ ಮಗಾನೂ ಆರ್ಟ್ಸೇ ಓದಿದ್ದು."

"ಹೌದಾ? ಈಗೇನ್ ಮಾಡ್ತಿದಾನೆ?"

"ಮನೇಲೇ ಇದಾನೆ."

ಧ್ವನಿ

ಶಾಲೆಯವರು ಪೋಷಕರನ್ನೆಲ್ಲ ಕೂರಿಸಿ ನಾಲ್ಕು ವರ್ಷದ ಪಾಠಪಟ್ಟಿ ವಿವರಿಸಿದರು. ಒಂಬತ್ತರಲ್ಲಿ ಸ್ವಂತ ಅನುಭವದ ಬರವಣಿಗೆ. ಹತ್ತರಲ್ಲಿ ವಾದ ಮಂಡನೆ. ಹನ್ನೊಂದರಲ್ಲಿ ಸಾಹಿತ್ಯ. ಹನ್ನೆರಡರಲ್ಲಿ ಸಂಶೋಧನೆ. ಆದರೆ ಸಾಹಿತ್ಯ ಎಲ್ಲರಿಗೂ ಸಿಗುವುದಿಲ್ಲ. ಹತ್ತನೆಯದರ ಕೊನೆಯಲ್ಲಿ ಮಕ್ಕಳು ಒಂದು ಪ್ರಬಂಧ ಬರೆದು ಕೊಡಬೇಕು. ಅದು ಚೆನ್ನಾಗಿದ್ದವರಿಗೆ ಸಾಹಿತ್ಯ. ಉಳಿದವರಿಗೆ ಆ ಎರಡೂ ವರ್ಷ "ಸಪೋರ್ಟ್ ಕ್ಲಾಸ್".

ನನ್ನ ಮೊಮ್ಮಗಳು ಊಟ ಮಾಡುವಾಗಲೂ ಕಥೆಪುಸ್ತಕ ತಟ್ಟೆಗೆ ಒರಗಿಸಿಕೊಳ್ಳುವ ಹುಡುಗಿ. ಮನೆಗೆ ಬರುವಾಗ ಮೆಟ್ರೋದಲ್ಲಿ ನನ್ನ ಸೆರಗು ಹಿಡಿದೆಳೆದಳು. "ಅಜ್ಜಿ, ನಂಗೆ ಸಾಹಿತ್ಯ ಬೇಕೇ ಬೇಕು. ಸಪೋರ್ಟ್‌ಗೆ ಹಾಕಿದ್ರೆ ಎರಡು ವರ್ಷ ಬಿಟ್ಟ ಸ್ಥಳ ತುಂಬ್ತಾ ಕೂರ್ಬೇಕು."

"ನಾನಿರೋವಾಗ ನಿನ್ನನ್ನ ಅಲ್ಲಿಗೆ ಯಾರು ಹಾಕ್ತಾರೆ" ಎಂದೆ.

ಮೊದಲ ಪ್ರಬಂಧದ ವಿಷಯ ರಜೆಯ ಒಂದು ದಿನ. ಅವಳು ಏನೇನೋ ಗೀಚಿಕೊಂಡಿದ್ದಳು. ನಾನು ಅದನ್ನು ಒಂದು ಹದಕ್ಕೆ ತಂದೆ. ಇಂಗ್ಲಿಷಿನಲ್ಲಿ ಶುರುವಾದದ್ದು ಸುಮಾರಾಗಿ ಹೀಗೆ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ದಿನವು ತೃಪ್ತಿಕರವಾಗಿತ್ತೆಂದು ತಿಳಿಸಬಯಸುತ್ತೇನೆ."

ಸಿ ಗ್ರೇಡ್ ಬಂತು. ಮೂವತ್ತೆರಡು ವರ್ಷದಲ್ಲಿ ನನಗೆ ಯಾರೂ ಸಿ ಕೊಟ್ಟಿರಲಿಲ್ಲ. ಎರಡು ದಿನ ಬಿಟ್ಟು ಶಾಲೆಯ ಇಂಗ್ಲಿಷ್ ಮಿಸ್ ಫೋನ್ ಮಾಡಿದಳು. ಫ್ರೇಜರ್ ಟೌನಿನ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ, ಮನೆಯಲ್ಲಿ ದಖ್ಖನಿ ಉರ್ದು, ನನ್ನೊಡನೆ ಕನ್ನಡ, ತರಗತಿಯಲ್ಲಿ ಇಂಗ್ಲಿಷ್. ಬಹಳ ಮರ್ಯಾದೆಯ ಹುಡುಗಿ.

"ಅಮ್ಮ, ಬೇಜಾರ್ ಮಾಡ್ಕೋಬೇಡಿ. ಅವಳ ಧ್ವನಿನೇ ಕೇಳಿಸ್ತಿಲ್ಲ."

ನಮ್ಮ ನಡುಮನೆಯಲ್ಲಿ ಸಿಗ್ನಲ್ ಕಡಿಮೆ. ಮೊಮ್ಮಗಳ ಕೈಗೆ ಫೋನ್ ಕೊಟ್ಟು ಬಾಲ್ಕನಿಗೆ ಅಟ್ಟಿದೆ. "ಹಲೋ ಅನ್ನು, ಜೋರಾಗಿ ಅನ್ನು" ಎಂದೆ. ಅವಳು ನಾಲ್ಕು ಸಲ ಹಲೋ ಅಂದಳು. ಎದುರು ಮನೆಯಾಕೆ ಕಿಟಕಿ ತೆರೆದು ನೋಡಿದರು. ಆಮೇಲೆ ಫೋನ್ ಇಸಿದುಕೊಂಡು, "ಈಗ ಕೇಳಿಸ್ತಾ?" ಎಂದೆ.

ಮಿಸ್ ನಿಧಾನವಾಗಿ ಹೇಳಿದಳು. "ಪ್ರಬಂಧದಲ್ಲಿ, ಅಮ್ಮ."

ಯಾವ ಪುಟ?

ಹತ್ತನೇ ತರಗತಿಗೆ ಬಂದಾಗ ವಾದ ಮಂಡನೆ ಶುರುವಾಯಿತು. ಅದರ ನಿಯಮ ಒಂದೇ. ಏನೇ ಹೇಳಿದರೂ ಪುರಾವೆ ಕೊಡಬೇಕು, ಯಾವ ಪುಟದಲ್ಲಿದೆ ಎಂದು ತೋರಿಸಬೇಕು. ಇದನ್ನು ಮಕ್ಕಳು ಶಾಲೆಯಲ್ಲೇ ಬಿಟ್ಟು ಬರಬೇಕಿತ್ತು. ನಮ್ಮವಳು ಮನೆಗೆ ತಂದಳು.

"ನಮ್ಮ ಕಾಲದಲ್ಲಿ ಮಕ್ಕಳು ಹೀಗೆ ಎದುರು ಮಾತಾಡ್ತಿರ್ಲಿಲ್ಲ" ಎಂದೆ ಒಂದು ದಿನ.

"ಯಾವ ಪುಟ ಅಜ್ಜಿ?"

ಇದನ್ನು ಕೇಳಿ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ನೋಡು ಪುಟ್ಟಿ, ನಾನು ಮಾತ್ರ ಸುಳ್ಳು ಹೇಳಲ್ಲ. ಸಕ್ಕರೆ ಕಾಯಿಲೆ ಅಂತ ಡಾಕ್ಟ್ರು ಹೇಳಿದ ದಿನದಿಂದ ಸಿಹಿ ಮುಟ್ಟಿಲ್ಲ" ಎಂದರು.

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ಡೈರಿ ತಂದೆ. ಆ ತಿಂಗಳೊಂದರಲ್ಲೇ ಮೂರು ನಮೂದು ಸಿಕ್ಕವು. ಮೈಸೂರುಪಾಕು, ಎರಡು ತುಂಡು, ಅಡುಗೆಮನೆ ಬಾಗಿಲ ಹಿಂದೆ. ಜಿಲೇಬಿ, ಲೆಕ್ಕ ತಿಳಿಯದು, ಷರ್ಟಿನ ಜೇಬಿನಲ್ಲಿ ಪಾಕದ ಕಲೆ. ದೇವರ ನೈವೇದ್ಯದ ಲಾಡು, ದೇವರಿಗಿಂತ ಮೊದಲು.

ಮೊಮ್ಮಗಳು ಪುಟಸಂಖ್ಯೆ ಸಮೇತ ಓದಿ ಹೇಳಿದಳು. ಅಂದಿನಿಂದ ಯಜಮಾನರು ಹವಾಮಾನದ ಬಗ್ಗೆ ಮಾತಾಡಬೇಕಾದರೂ "ಇದು ನನ್ನ ವೈಯಕ್ತಿಕ ಅಭಿಪ್ರಾಯ" ಎಂದೇ ಶುರುಮಾಡುತ್ತಾರೆ.

ಎರಡು ಮೆಚ್ಚುಗೆ, ಒಂದು ಸಲಹೆ

ಅದೇ ವರ್ಷ ಇನ್ನೊಂದು ಪದ್ಧತಿ ಬಂತು. ಮಕ್ಕಳು ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಓದಿ ಎರಡು ಮೆಚ್ಚುಗೆ ಹೇಳಬೇಕು, ಆಮೇಲೆ ಒಂದೇ ಒಂದು ಸಲಹೆ ಕೊಡಬೇಕು. ಊಟಕ್ಕೆ ಕೂತಾಗ ಮೊಮ್ಮಗಳು ಇದನ್ನು ವಿವರಿಸಿದಳು. ಒಳ್ಳೆಯ ಪದ್ಧತಿ, ಯಾರಿಗೂ ನೋವಾಗುವುದಿಲ್ಲ, ಮನೆಯಲ್ಲೂ ಪಾಲಿಸಬಹುದು ಎಂದು ನಾನೇ ಹೇಳಿದೆ.

ನನ್ನ ಸೊಸೆ ಮಿತಭಾಷಿ. ಮದುವೆಯಾಗಿ ಬಂದಾಗಿನಿಂದ ನನ್ನ ಅಡುಗೆಯ ಬಗ್ಗೆ ಒಂದು ಮಾತು ಆಡಿದವಳಲ್ಲ. ಅವಳು ತಟ್ಟೆಯಿಂದ ತಲೆಯೆತ್ತಿದಳು.

"ಅತ್ತೆ, ಸಾರಿನ ಬಣ್ಣ ಚೆನ್ನಾಗಿದೆ. ಬಿಸಿಯಾಗೂ ಇದೆ."

ನಾನು ಕಾದೆ.

"ಸಲಹೆನೂ ಇದೆ, ಆದ್ರೆ ಒಂದೇ ಅಂದ್ರಲ್ಲ, ಯಾವುದು ಹೇಳ್ಲಿ ಅಂತ ಯೋಚಿಸ್ತಿದೀನಿ" ಎಂದಳು.

ಹದಿನೆಂಟು ವರ್ಷದ ದಾಸ್ತಾನು. ಇನ್ನೂ ಯೋಚಿಸುತ್ತಿದ್ದಾಳೆ.

ಮೆಷಿನ್

ಹತ್ತನೆಯದರ ಕೊನೆಯ ಪ್ರಬಂಧ ಬಂತು. ಸಾಹಿತ್ಯವೋ ಸಪೋರ್ಟೋ ಎಂದು ತೀರ್ಮಾನವಾಗುವುದು ಇದರಲ್ಲೇ. ಮೊಮ್ಮಗಳು ಮೊದಲೇ ಕರಾರು ಹಾಕಿದಳು. "ಅಜ್ಜಿ, ಇದನ್ನ ಮಾತ್ರ ನೀನು ಮುಟ್ಬಾರ್ದು." ನಾನು ಒಪ್ಪಿದೆ.

ಅವಳು ಬರೆದದ್ದು ಶಿವಾಜಿನಗರ ಬಸ್ ನಿಲ್ದಾಣದ ಬಗ್ಗೆ. ಅಲ್ಲಿ ಕಂಡಕ್ಟರ್ ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ಉರ್ದು, ಇಂಗ್ಲಿಷು ನಾಲ್ಕನ್ನೂ ಸೇರಿಸಿ ಕೂಗುತ್ತಾನೆ, ಎಲ್ಲರಿಗೂ ತಿಳಿಯುತ್ತದೆ, ಎಲ್ಲರೂ ಸರಿಯಾದ ಬಸ್ಸನ್ನೇ ಹತ್ತುತ್ತಾರೆ. ಆದ್ದರಿಂದ ಶುದ್ಧವಾದ ಭಾಷೆ ಬೇಕಾಗಿರುವುದು ಕಚೇರಿಗಳಿಗೆ ಮಾತ್ರ. ಇದು ಅವಳ ವಾದ.

ಕಳಿಸಬೇಕಾದ ಭಾನುವಾರ ಅವಳಿಗೆ ಎಣ್ಣೆನೀರಿನ ಸ್ನಾನ. ಕಂಪ್ಯೂಟರ್ ತೆರೆದೇ ಇತ್ತು. ಮುಟ್ಟಬಾರದು ಎಂದಿದ್ದಳು, ನೋಡಬಾರದು ಎಂದಿರಲಿಲ್ಲ. ನೋಡಿದೆ. "ಕಚೇರಿಗಳಿಗೆ ಮಾತ್ರ" ಎಂಬಲ್ಲಿಗೆ ಬಂದಾಗ ಕೈ ತಡೆಯಲಿಲ್ಲ. ಒಂದೆರಡು ಅಲ್ಪವಿರಾಮ ಸರಿಮಾಡೋಣವೆಂದು ಕುಳಿತೆ. ಅವಳ ಕೂದಲು ಉದ್ದ, ಸೀಗೆಪುಡಿ ಹೋಗಲು ಹೊತ್ತು ಬೇಕು. ಅವಳು ಹೊರಗೆ ಬರುವಷ್ಟರಲ್ಲಿ ಎರಡು ಪುಟ ಮುಗಿದಿತ್ತು. "ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ" ಎಂದಿದ್ದದ್ದು "ಪ್ರಯಾಣಿಕರ ಸಂಖ್ಯೆಯಲ್ಲಿನ ಹೆಚ್ಚಳವನ್ನು ಈ ಮೂಲಕ ಗಮನಕ್ಕೆ ತರಲಾಗಿದೆ" ಎಂದಾಗಿತ್ತು. ಅವಳು ಮತ್ತೆ ಓದದೆ, ತಲೆಗೆ ಟವೆಲ್ ಸುತ್ತಿಕೊಂಡೇ ಕಳಿಸಿಬಿಟ್ಟಳು.

ಸೋಮವಾರ ಅಳುತ್ತಾ ಬಂದಳು. ಶಾಲೆಯಲ್ಲಿ ಪ್ರಬಂಧಗಳನ್ನು ಪರೀಕ್ಷಿಸುವ ಒಂದು ಸಾಫ್ಟ್‌ವೇರ್ ಇದೆ. ಮನುಷ್ಯರು ಬರೆದದ್ದೋ ಕಂಪ್ಯೂಟರ್ ಬರೆದುಕೊಟ್ಟದ್ದೋ ಎಂದು ಅದು ಹೇಳುತ್ತದೆ. ಇವಳ ಮೊದಲೆರಡು ಪುಟ ಪೂರ್ತಿ ಕೆಂಪು. ಮೆಷಿನ್ ಬರೆದದ್ದು, ಅಂದರೆ ಕದ್ದದ್ದು. ಕದ್ದವರಿಗೆ ಸಾಹಿತ್ಯವಿಲ್ಲ.

"ನಾನೇ ಬರ್ದಿದ್ದು ಅಮ್ಮ, ಪ್ರಾಮಿಸ್" ಎಂದು ಸೊಸೆಯ ಮುಂದೆ ಹಾಳೆ ಹರಡಿದವಳು ಅರ್ಧಕ್ಕೇ ನಿಲ್ಲಿಸಿದಳು. "ಈ ಮೂಲಕ? ನಾನ್ಯಾವಾಗ 'ಈ ಮೂಲಕ' ಬರ್ದೆ?" ಎಂದು ಹಾಳೆಯನ್ನೇ ನೋಡಿದಳು. ಆಮೇಲೆ ಅವಳು, ಸೊಸೆ, ಪೇಪರು ಓದುತ್ತಿದ್ದ ಯಜಮಾನರು, ಮೂವರೂ ನನ್ನನ್ನು ನೋಡಿದರು.

ಮಂಗಳವಾರ ಮೊಮ್ಮಗಳೊಡನೆ ನಾನೂ ಶಾಲೆಗೆ ಹೋದೆ. ಮಿಸ್ ಎದುರು ಕೂತು, "ಆ ಮೆಷಿನ್ ನಾನೇ" ಎಂದೆ.

ಅವಳು ಪಾಪ ನಗಲಿಲ್ಲ. "ಅಮ್ಮ, ಸಿಕ್ಕಿಬಿದ್ದ ಮಕ್ಕಳೆಲ್ಲ ಮನೇಲಿರೋ ಹಿರಿಯರ ಮೇಲೇ ಹಾಕ್ತಾರೆ. ಹೋದ ವರ್ಷ ಒಬ್ಬ ಅವರ ತಾತನ್ನ ಕರ್ಕೊಂಡ್ ಬಂದಿದ್ದ. ನಾನೇ ಬರ್ದಿದ್ದು ಅಂತ ತಾತ ತಮಿಳಲ್ಲಿ ಹೇಳಿದ್ರು. ಅವ್ರಿಗೆ ಇಂಗ್ಲಿಷೇ ಬರ್ತಿರ್ಲಿಲ್ಲ."

"ನನಗೆ ಬರುತ್ತೆ. ಬಿ.ಎ. ಮಾಡಿದೀನಿ. ಹಾಳೆ ಕೊಡಮ್ಮ, ಇಲ್ಲೇ ಬರೀತೀನಿ."

ಮಕ್ಕಳ ಡೆಸ್ಕಿನಲ್ಲಿ ಮೊಣಕಾಲು ಓರೆ ಮಾಡಿ ಕೂತೆ. ವಿಷಯ, ನನ್ನ ಇಷ್ಟದ ತಿನಿಸು. ಅರ್ಧ ಗಂಟೆ. ಮೊಮ್ಮಗಳ ಎರಡು ವರ್ಷ ನನ್ನ ಪೆನ್ನಿನ ತುದಿಯಲ್ಲಿತ್ತು. ಅದಕ್ಕೇ ನನ್ನ ಅನುಭವವನ್ನೆಲ್ಲ ಸುರಿದೆ. "ಹೆಸರುಬೇಳೆ ಪಾಯಸದ ಕುರಿತು ಕೆಳಗೆ ಸಹಿ ಮಾಡಿರುವವಳು ಸದಭಿಪ್ರಾಯ ಹೊಂದಿರುತ್ತಾಳೆ. ಸದರಿ ಪಾಯಸಕ್ಕೆ ಬೆಲ್ಲವನ್ನು ಬೇಳೆ ಬೆಂದ ತರುವಾಯವೇ ಸೇರಿಸತಕ್ಕದ್ದು." ಇಂಗ್ಲಿಷಿನಲ್ಲಿ ಇದು ಇನ್ನೂ ಚೆನ್ನಾಗಿತ್ತು.

ಮಿಸ್ ಒಂದಕ್ಷರ ಬಿಡದೆ ಅದನ್ನು ಕಂಪ್ಯೂಟರಿಗೆ ಹಾಕಿದಳು. ಗುಂಡಿ ಒತ್ತಿದಳು. ಪರದೆ ಮೇಲಿನಿಂದ ಕೆಳಗಿನವರೆಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪಾಯಿತು.

ಅವಳು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದಳು. "ಅಮ್ಮ, ಇದರ ಪ್ರಕಾರ ನೀವು ಮನುಷ್ಯರೇ ಅಲ್ಲ."

"ನೋಡಿದ್ರಾ ಮಿಸ್" ಎಂದಳು ಮೊಮ್ಮಗಳು, ಬಚಾವಾದ ದನಿಯಲ್ಲಿ. "ಮೆಷಿನ್ ಹತ್ರ ಬರೆಸಿಲ್ಲ ಅಂದ್ರೆ ನೀವು ನಂಬ್ಲಿಲ್ಲ."

ಆಗ ಮಿಸ್ ನಕ್ಕಳು. ಮೇಜು ಹಿಡಿದುಕೊಂಡು ನಕ್ಕಳು. ಮೊಮ್ಮಗಳನ್ನು ಅಲ್ಲೇ ಕೂರಿಸಿ, ಒಂದು ಗಂಟೆ ಕೊಟ್ಟು, ಹೊಸ ಪ್ರಬಂಧ ಬರೆಸಿದಳು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದಳು. ವಾರದೊಳಗೆ ಸಾಹಿತ್ಯದ ಪಟ್ಟಿಯಲ್ಲಿ ಹೆಸರು ಬಂತು. ಏನು ಬರೆದೆ ಎಂದು ಕೇಳಿದರೆ, "ಓದೋಕೆ ಕೊಟ್ರೆ ತಿದ್ತೀಯ" ಎಂದಳು.

ಇದಕ್ಕೆಲ್ಲ ತಗುಲಿದ್ದು ಇಷ್ಟು. ಒಂದು ಇಡೀ ಮಂಗಳವಾರ. ವಿದ್ಯಾರ್ಥಿನಿಯ ಬರವಣಿಗೆಗೆ ಇನ್ನು ಕೈ ಹಾಕುವುದಿಲ್ಲವೆಂದು ನನ್ನ ಸಹಿಯಿರುವ ಒಂದು ಮುಚ್ಚಳಿಕೆ. ಅದರ ಕರಡನ್ನು ನಾನೇ ಬರೆದುಕೊಟ್ಟೆ, ಶಾಲೆಯವರು ಬರೆದದ್ದು ಸರಿಯಿರಲಿಲ್ಲ. ಮತ್ತೆ ಇನ್ನೊಂದು. ಮೊದಲೆಲ್ಲ ಸಂಜೆ ಕಾಫಿ ಹೊತ್ತಿಗೆ ಅವಳು ಬರೆದದ್ದನ್ನು ಹಿಡಿದುಕೊಂಡು ಬಂದು ನನ್ನ ಪಕ್ಕ ಕೂರುತ್ತಿದ್ದಳು. ಈಗಲೂ ಬಂದು ಕೂರುತ್ತಾಳೆ. ಬರೆದದ್ದನ್ನು ತರುವುದಿಲ್ಲ.