ಡೀಸೆಲ್ ಕ್ಯಾನು ಮತ್ತು ದಿಲ್ಲಿಯ ದನಿ

ಸಿಟ್ಟು ಬಂದರೆ ನಾನು ಬೈಯುವುದಿಲ್ಲ, ಅರ್ಜಿ ಬರೆಯುತ್ತೇನೆ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಕಾಫಿ ಬೆಳೆಗಾರರ ಸಂಘಕ್ಕೆ ಹನ್ನೊಂದು ವರ್ಷದಿಂದ ಕಾರ್ಯದರ್ಶಿಯಾಗಿರುವವನಿಗೆ ಬೇರೆ ಯಾವ ಕಾಯಿಲೆ ಬಂದೀತು ಹೇಳಿ.

ಈ ಸಲ ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟಿತು. ರೋಬಸ್ಟಾ ಮೊಗ್ಗುಗಳು ನೀರಿಗೆ ಕಾದು ನಿಂತಿದ್ದವು. ಆ ವಾರ ಸ್ಪ್ರಿಂಕ್ಲರ್ ತಿರುಗದಿದ್ದರೆ ವರ್ಷದ ಫಸಲು ಗಿಡದಲ್ಲೇ ಒಣಗುತ್ತಿತ್ತು. ಪಂಪಿಗೆ ಡೀಸೆಲ್ ತರಲು ಎರಡು ಕ್ಯಾನು ಹಿಡಿದು ಬಂಕಿಗೆ ಹೋದೆ. ಮ್ಯಾನೇಜರ್ ಕ್ಯಾನು ಕಂಡದ್ದೇ ತಲೆಯಾಡಿಸಿದ.

"ಕ್ಯಾನಿಗೆ ಹಾಕಂಗಿಲ್ಲ ಕಣ್ರೀ, ರೂಲ್ಸ್ ಐತೆ. ಗಾಡಿ ತನ್ನಿ."

"ಪಂಪು ಹೊಳೆದಂಡೇಲಿ ಐತೆ ಮಾರಾಯ, ಅದ್ನ ಹೊತ್ಕೊಂಡು ಬರ್ಲಾ?" ಅಂದೆ. ಆತ ನನ್ನ ಹಿಂದಿದ್ದ ಲಾರಿಯನ್ನು ಕರೆದ.

ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಫೋನಿನಲ್ಲಿ ತಡಕಾಡಿದರೆ, ಇಡೀ ದೇಶದ ಪೆಟ್ರೋಲಿಯಂ ಉದ್ಯಮವನ್ನು ಪ್ರತಿನಿಧಿಸುವ ಸಂಸ್ಥೆಯೊಂದು ದಿಲ್ಲಿಯಲ್ಲಿದೆ ಎಂದು ತಿಳಿಯಿತು. ಅದು ಉದ್ಯಮದ ದನಿಯಂತೆ. ದನಿ ಇದ್ದ ಮೇಲೆ ಕಿವಿಯೂ ಇರಬೇಕಲ್ಲ ಎಂದು ಮೂರು ಪುಟದ ಇಮೇಲ್ ಕಳಿಸಿದೆ, ಹೋದ ವರ್ಷದ ಕಾಫಿ ಹೂವಿನ ಫೋಟೋ ಸಮೇತ. ಮರುದಿನವೇ ಉತ್ತರ ಬಂತು. ಕಂಪನಿಗಳ ಅಭಿಪ್ರಾಯವನ್ನು ಸರ್ಕಾರಕ್ಕೆ ಮುಟ್ಟಿಸುವುದು, ನೀತಿಗಳ ಬಗ್ಗೆ ಸಲಹೆ ಕೊಡುವುದು, ವಿಚಾರ ಸಂಕಿರಣ ನಡೆಸುವುದು ತಮ್ಮ ಕೆಲಸ. ಗ್ರಾಹಕರ ಅಹವಾಲು ತಮ್ಮ ವ್ಯಾಪ್ತಿಗೆ ಬರುವುದಿಲ್ಲ. ಹೂವಿನ ಚಿತ್ರ ಚೆನ್ನಾಗಿದೆ.

ಎಣ್ಣೆ ತೆಗೆಯುವವರಿಗೆ ದನಿಯಿದೆ, ಮಾರುವವರಿಗೆ ದನಿಯಿದೆ, ಕಾಸು ಕೊಟ್ಟು ಸುಡುವ ನನಗೆ ಯಾರಿದ್ದಾರೆ ಎಂದು ಅಂಗಳದಲ್ಲಿ ಕೂಗಾಡಿದೆ. ವ್ಯಾಪ್ತಿಯಂತೆ ವ್ಯಾಪ್ತಿ! ನಮ್ಮ ತೋಟದ ಲೈನಿನಲ್ಲೇ, ಅಂದರೆ ಆಳುಗಳ ಸಾಲುಮನೆಯಲ್ಲೇ, ವಾಸವಿರುವ ಕೆಲಸದ ಲಕ್ಕಮ್ಮ ಕತ್ತಿ ಮಸೆಯುತ್ತ ಎಲ್ಲ ಕೇಳಿಸಿಕೊಂಡಳು.

"ಗಾಡಿ ತನ್ನಿ ಅಂದ್ರಲ್ವಾ ಗೌಡ್ರೆ? ಟ್ರ್ಯಾಕ್ಟರ್ ಟ್ಯಾಂಕ್ ತುಂಬಿಸ್ಕೊಂಡ್ ಬಂದು, ಪೈಪ್ ಹಾಕಿ ಪಂಪಿಗೆ ಇಳ್ಸಿ" ಅಂದಳು. ಆಮೇಲೆ ಕತ್ತಿಯ ಬಾಯಿ ನೋಡುತ್ತ, "ಲೈನ್ ಹತ್ರ ಬಸ್ ನಿಲ್ಸಕ್ಕೆ ಸಂಘದಿಂದ ಒಂದ್ ಅರ್ಜಿ ಕೊಡ್ಸಿ ಅಂತ ಹೋದ್ವರ್ಷ ಕೇಳಿದ್ನಲ್ಲ, ಆಗ ನೀವೂ ಹಿಂಗೇ ಅಂದಿದ್ರಿ. ಸಂಘ ಬೆಳೆಗಾರರದ್ದು, ಆಳುಗಳ ವಿಷ್ಯ ವ್ಯಾಪ್ತಿಗೆ ಬರಲ್ಲ ಅಂತ. ನಾವಿನ್ನೂ ಎರಡು ಮೈಲಿ ನಡೀತಾನೇ ಇದ್ದೀವಿ."

ಟ್ರ್ಯಾಕ್ಟರ್ ಮೂರು ಸಲ ಬಂಕಿಗೆ ಹೋಗಿ ಬಂತು. ಸ್ಪ್ರಿಂಕ್ಲರ್ ತಿರುಗಿತು, ಹತ್ತು ದಿನದೊಳಗೆ ತೋಟ ಬೆಳ್ಳಗೆ ಅರಳಿತು. ಲಕ್ಕಮ್ಮನ ಬಸ್ಸಿನ ಅರ್ಜಿಯನ್ನು ಈ ತಿಂಗಳ ಸಭೆಯಲ್ಲಿ ಇಟ್ಟೇ ತೀರುತ್ತೇನೆ. ಅದು ನಮ್ಮ ವ್ಯಾಪ್ತಿಗೆ ಬರುತ್ತದೆಯೇ ಎಂದು ಸದ್ಯಕ್ಕೆ ಸಂಘದ ನಿಯಮಾವಳಿ ತಿರುವಿಹಾಕುತ್ತಿದ್ದೇನೆ. ಅದನ್ನು ಬರೆದವನೂ ನಾನೇ.