ಅಗಲದ ಲೆನ್ಸಿನಲ್ಲಿ ಮಾವ

ಊರಿನ ಅರ್ಧ ಜನರ ತಲೆ ತನ್ನ ಕೈಯಲ್ಲಿದೆ ಎಂದು ಆ ಫೋಟೋಗ್ರಾಫರ್ ಹೇಳಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಪಾಸ್‌ಪೋರ್ಟಿಗೆ, ಲೈಸೆನ್ಸಿಗೆ, ಕೆಲಸದ ಅರ್ಜಿಗೆ ಬೇಕಾದ ತಲೆಗಳನ್ನೆಲ್ಲ ತೆಗೆದುಕೊಟ್ಟವನು ಅವನೇ. "ಗದ್ದ ಎತ್ತಿ, ನಗಬೇಡಿ" ಎಂದು ದಿನವಿಡೀ ಹೇಳಿ ಹೇಳಿ ಅವನ ಮುಖದಲ್ಲೂ ನಗು ಕಡಿಮೆಯಾಗಿತ್ತು. ಅಂಥವನು ಒಂದು ಚಳಿಗಾಲದ ಬೆಳಿಗ್ಗೆ ತಿಂಡಿಯ ತಟ್ಟೆ ಮುಂದೆ ಕೂತು ಘೋಷಣೆ ಹೊರಡಿಸಿದ.

"ಇನ್ಮೇಲೆ ತಲೆ ತೆಗೆಯೋದು ಹೊಟ್ಟೆಪಾಡಿಗೆ ಮಾತ್ರ. ಕಲೆಗೆ ಅಂದ್ರೆ ಭೂಮಿ, ಆಕಾಶ. ಅದೂ ಕಪ್ಪು ಬಿಳುಪಲ್ಲಿ."

ಹೆಂಡತಿ ಕಿಟಕಿಯಾಚೆ ನೋಡಿದಳು. ರಾತ್ರಿ ಬಿದ್ದ ಹಿಮಕ್ಕೆ ಬಿಳಿ ರಸ್ತೆ, ಬಿಳಿ ಛಾವಣಿ, ಕಪ್ಪು ಮರಗಳು. "ಹೊರಗಡೆ ಇರೋದೇ ಕಪ್ಪು ಬಿಳುಪು. ಅದರಲ್ಲಿ ನೀವೇನು ಹೊಸದಾಗಿ ಮಾಡ್ತೀರಿ?"

ಉತ್ತರವಾಗಿ ಅವನು ಮೇಜಿನ ಮೇಲೆ ಹೊಸ ಲೆನ್ಸನ್ನು ಇಟ್ಟ. ಅಲ್ಟ್ರಾ ವೈಡ್, ಎದುರಿರುವುದನ್ನೆಲ್ಲ ಅಂಚಿನಿಂದ ಅಂಚಿಗೆ ಅಗಲವಾಗಿ ಹಿಡಿಯುವಂಥದು. ಉಬ್ಬಿದ ಗಾಜಿನ ಕಣ್ಣು ಮನೆಯವರನ್ನೆಲ್ಲ ಒಂದೇ ಸಲಕ್ಕೆ ದಿಟ್ಟಿಸಿತು.

ಅದನ್ನು ಮೊದಲು ಕೈಗೆ ತೆಗೆದುಕೊಂಡವರು ಮಾವ. ಹೆಂಡತಿಯ ತಂದೆ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅತ್ತೆ ಹೋದ ಮೇಲೆ ಮಗಳ ಮನೆಗೆ ಬಂದಿದ್ದರು. ಮಾತು ಕಡಿಮೆ, ಆಡಿದರೆ ಬಸ್ಸಿನದೇ ಮಾತು.

"ಇದು ಎಷ್ಟು ಜನರನ್ನ ಹಿಡಿಯುತ್ತೆ? ಕೂತವರು, ನಿಂತವರು ಎಲ್ಲ ಸೇರಿ?"

"ಇದು ಜನಕ್ಕಲ್ಲ ಮಾವ, ಜಾಗಕ್ಕೆ."

"ಹಾಗಾದ್ರೆ ಖಾಲಿ ಗಾಡಿ ಅನ್ನಿ," ಎಂದು ಅವರು ಲೆನ್ಸನ್ನು ಮೆಲ್ಲಗೆ ಕೆಳಗಿಟ್ಟರು.

ಅದು ಅವರ ಕೊನೆಯ ಚಳಿಗಾಲ. ಆ ಬೆಳಿಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಮೂವರೂ ಊರಾಚೆಯ ಕೆರೆಗೆ ಹೋದರು. ದಡದುದ್ದಕ್ಕೂ ನೀರು ಮಂಜುಗಡ್ಡೆಯಾಗಿತ್ತು, ಅದರ ನಡುವೆ ಒಣಗಿದ ಜೊಂಡು, ಆಚೆ ಕಪ್ಪು ಗುಡ್ಡ. ಫೋಟೋಗ್ರಾಫರ್ ಸ್ಟ್ಯಾಂಡ್ ಊರಿ, ಮಹಾಕಾವ್ಯಕ್ಕೆ ನಾಂದಿ ಹಾಡುವವನ ಗತ್ತಿನಲ್ಲಿ ಬಗ್ಗಿ ನೋಡಿದ. ಗುಡ್ಡ ಮೊಡವೆಯಷ್ಟಾಗಿತ್ತು. ಅವನ ಎರಡು ಬೂಟು, ಸ್ಟ್ಯಾಂಡಿನ ಒಂದು ಕಾಲು, ಹೆಂಡತಿಯ ಫ್ಲಾಸ್ಕ್ ಮಾತ್ರ ಸ್ಪಷ್ಟವಾಗಿ ಪೋಸು ಕೊಟ್ಟು ನಿಂತಿದ್ದವು. ಬಲ ಅಂಚಿನಲ್ಲಿ ಮಾವ.

ಬೂಟು ಹಿಂದೆ ಸರಿಯಿತು. ಫ್ಲಾಸ್ಕ್ ಕಾರಿಗೆ ಹೋಯಿತು, ಜೊತೆಗೆ ಹೆಂಡತಿಯೂ ಹೋದಳು.

"ಮಾವ, ಸ್ವಲ್ಪ ಆಚೆ ಹೋಗ್ತೀರಾ?"

ಅವರು ಹೋದರು. ಜೀವಮಾನವೆಲ್ಲ ಪ್ರಯಾಣಿಕರಿಗೆ "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಕೂಗಿದವರಿಗೆ ಸರಿದು ನಿಲ್ಲುವುದರಲ್ಲಿ ಅವಮಾನವೇನೂ ಕಾಣಲಿಲ್ಲ. ಆದರೆ ಆ ಲೆನ್ಸಿನ ಕಣ್ಣಿಗೆ ಬೇಲಿಯೇ ಇಲ್ಲ. ಅವರು ಎಲ್ಲಿಗೆ ಹೋದರೂ ಅಂಚಿನಲ್ಲಿ ಉದ್ದುದ್ದವಾಗಿ ಎಳೆದುಕೊಂಡು ಕಾಣುತ್ತಿದ್ದರು.

"ಇನ್ನೂ ಆಚೆ ಮಾವ. ಇನ್ನೂ ಸ್ವಲ್ಪ."

ಮುದುಕ ಹಿಮದಲ್ಲಿ ಕಾಲು ಎತ್ತೆತ್ತಿ ಇಡುತ್ತ ಒಬ್ಬರೇ ದೂರ ನಡೆದರು. ಕೊನೆಗೆ ಚೌಕಟ್ಟು ಖಾಲಿಯಾಯಿತು. ಫೋಟೋಗ್ರಾಫರಿಗೆ ಹಿಗ್ಗೋ ಹಿಗ್ಗು.

ಇಂಥ ಲೆನ್ಸಿನಲ್ಲಿ ಮುಂದಿರುವ ವಸ್ತುವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಬೇಕು, ಆಗಲೇ ಚಿತ್ರಕ್ಕೆ ಜೀವ ಎಂದು ಅವನು ಎಲ್ಲೋ ಓದಿದ್ದ. ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಜೊಂಡಿನ ಕಡೆಗೆ ಕುಕ್ಕರಗಾಲಿನಲ್ಲಿ ಹೊರಟ. ಜೊಂಡು ಚೆನ್ನಾಗಿ ಕಂಡಿತು. ಇನ್ನಷ್ಟು ಚೆನ್ನಾಗಿ ಕಾಣಲೆಂದು ಇನ್ನಷ್ಟು ಹೋದ. ಮಂಜುಗಡ್ಡೆ ಹಪ್ಪಳದ ಹಾಗೆ ಮುರಿಯಿತು. ಕಲಾವಿದ ಸೊಂಟದವರೆಗೆ ಕೆರೆಯಲ್ಲಿ ಕೂತ. ಕ್ಯಾಮೆರಾ ಹಿಡಿದ ಕೈ ಮಾತ್ರ ಬಾವುಟದಂತೆ ಮೇಲಿತ್ತು.

ಫುಟ್‌ಬೋರ್ಡಿನಿಂದ ಜಾರುವವರನ್ನು ಕಾಲರ್ ಹಿಡಿದು ಒಳಗೆಳೆದು ರೂಢಿಯಿದ್ದ ಕೈ ಅವನ ಕುತ್ತಿಗೆಗೆ ಬಿತ್ತು. ಮಾವ ಏದುಸಿರು ಬಿಡುತ್ತಿದ್ದರು.

"ಹಿಂದೆ ಬನ್ನಿ, ಹಿಂದೆ. ಕ್ಯಾಮೆರಾ ಬಿಡಿ, ನನ್ನ ಹಿಡ್ಕೊಳ್ಳಿ."

ಕಾರಿನಲ್ಲಿ ಹೆಂಡತಿ ಗಂಡನಿಗೆ ಕಂಬಳಿ ಸುತ್ತಿದಳು. ಆಮೇಲೆ ಅಪ್ಪನ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿದ್ದನ್ನು ನೋಡಿದಳು. ಕಂಬಳಿಯ ಅರ್ಧ ಎಳೆದು ಅವರ ಕಾಲಿಗೆ ಸುತ್ತಿದಳು.

ಜ್ವರ ಬಂದದ್ದು ಅಳಿಯನಿಗೆ. ಮಾವ ಗಟ್ಟಿಯಾಗೇ ಇದ್ದರು. ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಅವನಿಗೆ ಮಾತ್ರೆ ಕೊಟ್ಟರು. ಚಳಿಗಾಲ ಮುಗಿಯುತ್ತ ಬಂದಾಗ, ಬಿಸಿಲು ಹತ್ತಿದ ಒಂದು ಬೆಳಿಗ್ಗೆ, ತೊಡೆಯ ಮೇಲೆ ಪೇಪರ್ ಹರಡಿಕೊಂಡೇ ಹೋಗಿಬಿಟ್ಟರು. ಹೃದಯ, ವಯಸ್ಸು ಎಂದರು ಡಾಕ್ಟರು. ಕೆರೆಗೂ ಇದಕ್ಕೂ ಸಂಬಂಧವಿದೆಯೇ ಎಂದು ಅಳಿಯ ಎರಡು ಸಲ ಕೇಳಿದ. ಇಲ್ಲ ಎಂದು ಎರಡು ಸಲವೂ ಹೇಳಿದರು. ಅವನಿಗೆ ಸಮಾಧಾನವಾಗಲಿಲ್ಲ.

ಕೆಲವು ದಿನಗಳ ಮೇಲೆ ಹೆಂಡತಿ ಸ್ಟುಡಿಯೋಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

"ಗೋಡೆಗೆ ಹಾಕೋಕೆ ಅಪ್ಪಂದು ಒಂದು ಫೋಟೋ ಬೇಕು."

ಅವನು ಹುಡುಕಿದ. ಊರಿನ ತಲೆಗಳೆಲ್ಲ ಇದ್ದವು, ಮಾವನದಿರಲಿಲ್ಲ. "ನಂದೂ ಒಂದು ತೆಗೀರಿ" ಎಂದು ಅವರು ಎಷ್ಟೋ ಸಲ ಕೇಳಿದ್ದರು. "ಮನೇಲೇ ಇರ್ತೀರಲ್ಲ, ತೆಗೆಯೋಣ" ಎಂದು ಇವನು ಅಷ್ಟೇ ಸಲ ಹೇಳಿದ್ದ. ಅವರ ಹಳೆಯ ಕೆಲಸದ ಗುರುತಿನ ಕಾರ್ಡಿನಲ್ಲಿ ಕಪ್ಪು ಮೀಸೆಯ ಯುವಕನೊಬ್ಬನಿದ್ದ. "ಇದು ನಾನು ಹುಟ್ಟೋಕೆ ಮುಂಚಿನ ಯಾರೋ," ಎಂದು ಅವಳು ತಿರುಗಿಸಿ ಇಟ್ಟಳು.

ಕೊನೆಗೆ ಕಂಪ್ಯೂಟರಿನಲ್ಲಿ ಕೆರೆಯ ಚಿತ್ರಗಳನ್ನು ತೆರೆದರು. ಖಾಲಿ ಹಿಮ, ಖಾಲಿ ಆಕಾಶ, ಮೊಡವೆ ಗುಡ್ಡ. ಒಂದೊಂದರಲ್ಲೂ ಎಷ್ಟು ಶ್ರದ್ಧೆಯಿಂದ ಮಾವನನ್ನು ತಪ್ಪಿಸಲಾಗಿತ್ತು ಎಂಬುದು ಇಬ್ಬರಿಗೂ ಕಂಡಿತು. ಕಟ್ಟಕಡೆಯದು, ಕೆರೆಯಲ್ಲಿ ಕೂತಾಗ ಮೇಲೆತ್ತಿದ ಕೈಯ ಬೆರಳು ತಾನಾಗಿ ಒತ್ತಿದ್ದು. ಕೆರೆ ಪೂರ್ತಿ ಓರೆ. ಬಲ ಮೂಲೆಯಲ್ಲಿ ಮಾವ ಓಡಿ ಬರುತ್ತಿದ್ದರು, ಟೋಪಿ ಇಲ್ಲದೆ, ಬಾಯಿ ತೆರೆದು. ಮುಂದೆ ಚಾಚಿದ ಕೈಯನ್ನು ಲೆನ್ಸು ಹಿಗ್ಗಿಸಿ ಹಿಗ್ಗಿಸಿ ಇಷ್ಟುದ್ದ ಮಾಡಿತ್ತು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಏನಾದರೂ ಮಾಡಿ ಋಣ ತೀರಿಸಬೇಕಲ್ಲ. ಕುಶಲಕರ್ಮಿಗೆ ಗೊತ್ತಿರುವುದು ಕಸುಬೊಂದೇ.

"ಓರೆ ಇದೆ. ಒಂದು ನಿಮಿಷ, ಸರಿ ಮಾಡ್ತೀನಿ."

ಅವನು ಮೌಸ್ ಎಳೆದ. ಕೆರೆ ಮೆಲ್ಲಗೆ ನೆಟ್ಟಗಾಗತೊಡಗಿತು. ನೆಟ್ಟಗಾದಂತೆಲ್ಲ ಮೂಲೆಗಳು ಕತ್ತರಿಸಿಹೋದವು. ಮೊದಲು ಮಾವನ ಬೂಟು ಹೋಯಿತು, ಆಮೇಲೆ ಭುಜ.

ಹೆಂಡತಿ ಅವನ ಕೈ ಹಿಡಿದಳು.

"ಬಿಡಿ, ಓರೆಯಾಗೇ ಇರ್ಲಿ. ನೀವು ಸರಿ ಮಾಡೋಕೆ ಹೋದ್ರೆ ಅಪ್ಪ ಮತ್ತೆ ಆಚೆ ಹೋಗ್ತಾರೆ."